ಒಂದು ಎಂಜಿನ್, ನಾಲ್ಕು ಒಡಲು

ಎರಡನೆಯ ಮಹಾಯುದ್ಧದ ಕಾಲಕ್ಕೆ ಹಂಪಸಾಗರ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯ ಊರು. ಹೊಳೆಯಾಚೆಯ ಕೊಪ್ಪಳ ಸೀಮೆ ನಿಜಾಮರ ಹೈದರಾಬಾದಿಗೆ ಸೇರಿತ್ತು. ಕೂಡ್ಲಿಗಿ, ಹರಪನಹಳ್ಳಿಗಳ ದಕ್ಷಿಣದ ಗಡಿ ದಾಟಿದರೆ ಮೈಸೂರು ಸಂಸ್ಥಾನ. ಈ ಮೂರೂ ಹೆಸರುಗಳು ಬ್ರಿಟನ್ನಿನ ಆಕಾಶದಲ್ಲಿ ಹಾರಾಡಿದವು. ಯುದ್ಧಕ್ಕೆ ಹಣ ಕೊಟ್ಟ ಸಂಸ್ಥಾನ, ಪ್ರಾಂತ್ಯಗಳ ಹೆಸರನ್ನು ವಾಯುಪಡೆಯ ಸ್ಕ್ವಾಡ್ರನ್‌ಗಳಿಗೆ ಇಡುವ ರೂಢಿ ಅಲ್ಲಿತ್ತು. 152 ಮತ್ತು 253ನೇ ಸ್ಕ್ವಾಡ್ರನ್‌ಗಳು ಹೈದರಾಬಾದಿನವು. 79, 234, 264 ಮದ್ರಾಸ್ ಪ್ರೆಸಿಡೆನ್ಸಿಯವು. 1941ರ ಜೂನ್‌ನಲ್ಲಿ ಹುಟ್ಟಿದ 129ನೆಯದು ಮೈಸೂರಿನದು, ಅದರ ಲಾಂಛನವೇ ಗಂಡಭೇರುಂಡ.

ಬಡ ರೈತರ ನಾಡಿನಿಂದ ಹೋದ ದುಡ್ಡು ಯಾವ ಯಂತ್ರಕ್ಕೆ ಸಂದಿತು ಎಂದು ಹುಡುಕಿದರೆ ಹರಿಕೇನ್, ಸ್ಪಿಟ್‌ಫೈರ್, ಡಿಫಾಯಂಟ್ ಎಂಬ ಮೂರು ವಿಮಾನಗಳು ಎದುರಾಗುತ್ತವೆ. ಮೂರಕ್ಕೂ ಎಂಜಿನ್ ಒಂದೇ, ರೋಲ್ಸ್ ರಾಯ್ಸ್ ಕಂಪನಿಯ ಮರ್ಲಿನ್. ಹನ್ನೆರಡು ಸಿಲಿಂಡರು, 27 ಲೀಟರ್ ಗಾತ್ರ. ಎಪ್ಪತ್ತಕ್ಕೂ ಹೆಚ್ಚು ಬುಲೆಟ್ ಬೈಕುಗಳ ಎಂಜಿನ್ನುಗಳನ್ನು ಒಟ್ಟುಗೂಡಿಸಿದಷ್ಟು ದೊಡ್ಡದು. ಇಷ್ಟಿದ್ದೂ ಮೂರು ವಿಮಾನಗಳ ಹಣೆಬರಹ ಮೂರು ತೆರನಾಯಿತು. ಯಾಕೆಂಬುದು ಅವುಗಳ ಮೂಲಮಾದರಿಗಳ ಕಥೆಯಲ್ಲಿದೆ.

ಮೊದಲು ಹಾರಿದ್ದು ಹರಿಕೇನ್. ಸಿಡ್ನಿ ಕ್ಯಾಮ್ ವಿನ್ಯಾಸದ ಕೆ5083 ಸಂಖ್ಯೆಯ ಮಾದರಿ 1935ರ ನವೆಂಬರ್ 6ರಂದು ಬ್ರೂಕ್‌ಲ್ಯಾಂಡ್ಸ್‌ನಲ್ಲಿ ನೆಲ ಬಿಟ್ಟಿತು. ಕ್ಯಾಮ್ ಹೊಸ ಸಾಹಸಕ್ಕೆ ಕೈಹಾಕಲಿಲ್ಲ. ತನ್ನ ಹಳೆಯ ಎರಡು ರೆಕ್ಕೆಯ ವಿಮಾನಗಳಲ್ಲಿ ಪಳಗಿದ ಲೋಹದ ಕೊಳವೆಗಳ ಚೌಕಟ್ಟನ್ನೇ ಉಳಿಸಿಕೊಂಡು, ಹಿಂಭಾಗಕ್ಕೆ ಬಟ್ಟೆ ಹೊದಿಸಿದ. ನೋಡಲು ಹಳೇ ಕಾಲದ್ದು, ಆದರೆ ಬೇಗ ಕಟ್ಟಬಹುದು, ಗುಂಡು ತೂರಿ ಹೋದರೆ ತೇಪೆ ಹಾಕಿ ಮತ್ತೆ ಹಾರಿಸಬಹುದು. 1940ರ ಬ್ರಿಟನ್ ಕದನದಲ್ಲಿ ಹೆಚ್ಚು ಶತ್ರುವಿಮಾನಗಳನ್ನು ಕೆಡವಿದ್ದು ಇದೇ. ಹೊಗಳಿಕೆ ಮಾತ್ರ ಸ್ಪಿಟ್‌ಫೈರಿಗೆ ಹೋಯಿತು!

ಸ್ಪಿಟ್‌ಫೈರ್‌ನ ಮೂಲಮಾದರಿ ಕೆ5054 ಹಾರಿದ್ದು 1936ರ ಮಾರ್ಚ್ 5ರಂದು, ಈಸ್ಟ್‌ಲಿಯಲ್ಲಿ. ರೆಜಿನಾಲ್ಡ್ ಮಿಚೆಲ್ ವಿನ್ಯಾಸದ ಇದಕ್ಕೆ ತೆಳ್ಳನೆಯ ಅಂಡಾಕಾರದ ರೆಕ್ಕೆ, ಮೈಯೆಲ್ಲ ಲೋಹದ ತಗಡು. ಮೊದಮೊದಲು ಅದರ ವೇಗ ಗಂಟೆಗೆ ಸುಮಾರು 540 ಕಿ.ಮೀ. ಮಾತ್ರ, ಕಟ್ಟಿದವರಿಗೆ ನಿರಾಸೆ. ಪ್ರೊಪೆಲ್ಲರಿನ ಆಕಾರ ತಿದ್ದಿದ ಮೇಲೆ 560ಕ್ಕೆ ಏರಿತು. ಎಂಜಿನ್ ಮುಟ್ಟದೆ, ಬರೀ ಮರದ ಅಲಗು ಬದಲಿಸಿ ಸಿಕ್ಕ ವೇಗ ಇದು.

ಇನ್ನೊಂದು ಪರೀಕ್ಷೆ ಅಡುಗೆಮನೆಯ ಸರಕಿನಿಂದಲೇ ನಡೆಯಿತು. ತಗಡು ಜೋಡಿಸುವ ರಿವೆಟ್‌ಗಳ ತಲೆ ಮೇಲ್ಮೈಗೆ ಸಮನಾಗಿದ್ದರೆ ಗಾಳಿ ಸಲೀಸಾಗಿ ಜಾರುತ್ತದೆ. ಆದರೆ ಹಾಗೆ ಕೂರಿಸಲು ಸಮಯ, ಖರ್ಚು ಎರಡೂ ಹೆಚ್ಚು. ಗುಂಡುತಲೆಯ ರಿವೆಟ್ ಹಾಕಿದರೆ ಎಷ್ಟು ವೇಗ ಕಳೆದುಕೊಳ್ಳಬೇಕಾದೀತು? ಲೆಕ್ಕ ಹಾಕುತ್ತ ಕೂರದೆ, ಎಂಜಿನಿಯರುಗಳು ಒಡೆದ ಬಟಾಣಿ ಬೇಳೆ ತಂದು, ಮೂಲಮಾದರಿಯ ಒಂದೊಂದು ರಿವೆಟ್ಟಿನ ಮೇಲೂ ಒಂದೊಂದು ಬೇಳೆ ಅಂಟಿಸಿ ಹಾರಿಸಿದರು. ಗಂಟೆಗೆ 35 ಕಿ.ಮೀ.ನಷ್ಟು ವೇಗ ಸೋರಿಹೋಯಿತು. ಆಮೇಲೆ ಒಂದೊಂದೇ ಭಾಗದ ಬೇಳೆ ಕೆರೆದು ತೆಗೆದು, ಮತ್ತೆ ಹಾರಿಸಿ, ಎಲ್ಲಿಯ ಉಬ್ಬು ನಿಜಕ್ಕೂ ಕಾಡುತ್ತದೆಂದು ಪತ್ತೆಹಚ್ಚಿದರು. ಕೊನೆಗೆ ರೆಕ್ಕೆಗೆ ಸಮತಲದ ರಿವೆಟ್, ಒಡಲಿಗೆ ಅಗ್ಗದ ಗುಂಡುತಲೆ. ವಿಮಾನವಿಜ್ಞಾನದಲ್ಲಿ ಬೇಳೆ ಬೆಂದದ್ದು ಇದೊಂದೇ ಸಲವಿರಬೇಕು.

ಅದೇ ಮಾದರಿ ತುಂಬ ಎತ್ತರಕ್ಕೇರಿದಾಗ ರೆಕ್ಕೆಯೊಳಗಿನ ಮೆಷಿನ್‌ಗನ್‌ಗಳು ಚಳಿಗೆ ಹೆಪ್ಪುಗಟ್ಟಿ ನಿಂತವು. ರೇಡಿಯೇಟರಿನ ಬಿಸಿಗಾಳಿಯನ್ನು ಅವುಗಳತ್ತ ತಿರುಗಿಸಬೇಕಾಯಿತು. ಇವನ್ನೆಲ್ಲ ಪೂರ್ತಿಯಾಗಿ ನೋಡಲು ಮಿಚೆಲ್‌ಗೆ ಆಯುಷ್ಯವಿರಲಿಲ್ಲ. 1937ರ ಜೂನ್‌ನಲ್ಲಿ ಕ್ಯಾನ್ಸರಿನಿಂದ ತೀರಿಕೊಂಡ. ಯುದ್ಧ ಘೋಷಣೆಯಾದ ಮರುದಿನವೇ ಕೆ5054 ಇಳಿಯುವಾಗ ಅಪಘಾತಕ್ಕೀಡಾಗಿ, ಪೈಲಟ್ ಜೀವ ಕಳೆದುಕೊಂಡ.

ಮೂರನೆಯ ಡಿಫಾಯಂಟ್‌ನದು ಬೇರೆ ದಾರಿ. ಪೈಲಟ್ ಕೈಯಲ್ಲಿ ಬಂದೂಕೇ ಇಲ್ಲ. ಬೆನ್ನ ಹಿಂದೆ ತಿರುಗುವ ಗೋಪುರ, ಅದರಲ್ಲಿ ಕೂತ ಗನ್ನರನ ಬಳಿ ನಾಲ್ಕು ಮೆಷಿನ್‌ಗನ್. 1937ರ ಆಗಸ್ಟ್ 11ರಂದು ಮೂಲಮಾದರಿ ಹಾರಿದಾಗ ಆ ಗೋಪುರವೇ ಇರಲಿಲ್ಲ. ಸೊಗಸಾಗಿ ಹಾರಿತು. ಗೋಪುರದ ಭಾರ, ಎರಡನೆಯ ಆಳಿನ ಭಾರ ಸೇರಿದಾಗ ಅದೇ ಮರ್ಲಿನ್ ಏದುಸಿರು ಬಿಟ್ಟಿತು. 1940ರ ಮೇ ತಿಂಗಳಲ್ಲಿ 264ನೇ ಸ್ಕ್ವಾಡ್ರನ್ ಡಂಕರ್ಕ್ ಬಂದರಿನ ಆಕಾಶದಲ್ಲಿ ದೊಡ್ಡ ಗೆಲುವು ಸಾರಿಕೊಂಡರೂ, ಜರ್ಮನ್ನರು ಮುಂದಿನಿಂದ, ಕೆಳಗಿನಿಂದ ಎರಗುವುದನ್ನು ಬೇಗ ಕಲಿತರು. ಆಗಸ್ಟ್ ಹೊತ್ತಿಗೆ ಡಿಫಾಯಂಟ್ ಹಗಲಿನ ಕಾದಾಟ ಬಿಟ್ಟು ರಾತ್ರಿಪಾಳಿಗೆ ಹೋಯಿತು.

ಮರ್ಲಿನ್‌ಗೂ ಒಂದು ಕಾಯಿಲೆಯಿತ್ತು. ವಿಮಾನದ ಮೂತಿಯನ್ನು ಥಟ್ಟನೆ ಕೆಳಗೆ ಬಗ್ಗಿಸಿದರೆ ಕಾರ್ಬುರೇಟರಿನ ಪೆಟ್ರೋಲ್ ಮೇಲಕ್ಕೆ ಚಿಮ್ಮಿ ಎಂಜಿನ್ ಮುಗ್ಗರಿಸುತ್ತಿತ್ತು. ಪೆಟ್ರೋಲನ್ನು ನೇರವಾಗಿ ಸಿಲಿಂಡರಿಗೇ ಚುಚ್ಚುತ್ತಿದ್ದ ಜರ್ಮನ್ ವಿಮಾನಗಳಿಗೆ ಆ ಪಾಡಿರಲಿಲ್ಲ. 1941ರಲ್ಲಿ ಬೀಟ್ರಿಸ್ ಶಿಲ್ಲಿಂಗ್ ಎಂಬ ಮಹಿಳಾ ಎಂಜಿನಿಯರ್, ಹರಿವನ್ನು ಹಿಡಿದಿಡುವ ಪುಟ್ಟ ಲೋಹದ ತೂತುಬಿಲ್ಲೆಯೊಂದನ್ನು ಕೂಡಿಸಿ ತಾತ್ಕಾಲಿಕ ಮದ್ದು ಕೊಟ್ಟರು.

ನಾಲ್ಕನೆಯ ಒಡಲು ಅಮೆರಿಕದ್ದು. ಅಲಿಸನ್ ಎಂಜಿನ್ನಿನ ಮಸ್ಟಾಂಗ್ ಕೆಳಗಿನ ಎತ್ತರದಲ್ಲಿ ಚುರುಕು, ಮೇಲೇರಿದಂತೆ ಉಸಿರುಗಟ್ಟುತ್ತಿತ್ತು. 1942ರ ಏಪ್ರಿಲ್‌ನಲ್ಲಿ ಅದನ್ನು ಹಾರಿಸಿ ನೋಡಿದ ರೋಲ್ಸ್ ರಾಯ್ಸ್ ಪೈಲಟ್ ರೋನಿ ಹಾರ್ಕರ್, ಎರಡು ಹಂತಗಳಲ್ಲಿ ಗಾಳಿ ಅದುಮಿ ಕೊಡುವ ಹೊಸ ಮರ್ಲಿನ್ 61 ಇದಕ್ಕೆ ಹೊಂದೀತು ಎಂದ. ಅಕ್ಟೋಬರ್ 13ರಂದು ಮಸ್ಟಾಂಗ್ ಎಕ್ಸ್ ಎಂಬ ಮೂಲಮಾದರಿ ಹಕ್ನಾಲ್‌ನಲ್ಲಿ ಹಾರಿತು. ಆ ಜೋಡಿ ಎಷ್ಟು ಹೊಂದಿತೆಂದರೆ, ಸ್ಪಿಟ್‌ಫೈರ್ ಅರ್ಧ ದಾರಿಯಲ್ಲೇ ಹಿಂತಿರುಗಬೇಕಾಗುತ್ತಿದ್ದ ಬರ್ಲಿನ್ ವರೆಗೂ ಮರ್ಲಿನ್ ಹೊತ್ತ ಮಸ್ಟಾಂಗ್‌ಗಳು ಬಾಂಬರ್‌ಗಳಿಗೆ ಬೆಂಗಾವಲಾಗಿ ಹೋಗಿಬಂದವು.