ಕೊಟ್ಟಿಗೆಯ ರೋಗಾಣು ಯಾರ ಲೆಕ್ಕಕ್ಕೆ?

ಹಳ್ಳಿಯ ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ ಪ್ರತಿ ಮನೆಯ ಹಾಲಿಗೂ ಪರೀಕ್ಷೆ ನಡೆಯುತ್ತದೆ. ಜಿಡ್ಡಿನ ಅಂಶ ಎಷ್ಟು, ಜಿಡ್ಡೇತರ ಘನಾಂಶ ಎಷ್ಟು ಎಂಬುದನ್ನು ನೋಡಿ ದರ ನಿಗದಿ ಮಾಡಲಾಗುತ್ತದೆ. ಆ ಹಾಲು ಕೊಟ್ಟ ಆಕಳು ತನ್ನ ಕರುಳಿನಲ್ಲಿ, ಗರ್ಭಕೋಶದಲ್ಲಿ, ಕೆಚ್ಚಲಿನಲ್ಲಿ ಎಂಥ ಸೂಕ್ಷ್ಮಜೀವಿಗಳನ್ನು ಹೊತ್ತು ನಿಂತಿದೆ ಎಂಬುದಕ್ಕೆ ದರವೂ ಇಲ್ಲ, ದಂಡವೂ ಇಲ್ಲ. ಅರ್ಥಶಾಸ್ತ್ರ ಓದಿದವರಿಗೆ ಇದು ಪರಿಚಿತ ಸನ್ನಿವೇಶ. ಒಬ್ಬನ ಉತ್ಪಾದನೆಯ ವೆಚ್ಚದಲ್ಲಿ ಒಂದು ಪಾಲನ್ನು ಅದಕ್ಕೆ ಸಂಬಂಧವೇ ಇಲ್ಲದ ಇನ್ನೊಬ್ಬ ಭರಿಸಬೇಕಾಗಿ ಬರುವ ಬಗೆಯನ್ನು ಕೇಂಬ್ರಿಜ್‌ನ ಎ.ಸಿ. ಪಿಗೂ 1920ರಷ್ಟು ಹಿಂದೆಯೇ ವಿವರಿಸಿದ್ದರು. ಕಾರ್ಖಾನೆಯ ಹೊಗೆ ಅದಕ್ಕೆ ಎಲ್ಲರೂ ಕೊಡುವ ನಿದರ್ಶನ. ದನದ ಕೊಟ್ಟಿಗೆ ಅಷ್ಟೇ ಸಮರ್ಪಕ ನಿದರ್ಶನವೆಂದು ನನ್ನ ಅನಿಸಿಕೆ.

ವಿಜಯಪುರ ಜಿಲ್ಲೆಯ ಸಿಂದಗಿ ಭಾಗದಲ್ಲಿರುವ ಯಂಕಂಚಿಯಂಥ ಊರುಗಳಲ್ಲಿ ಬೇಸಿಗೆಯುದ್ದಕ್ಕೂ ದನಗಳ ಹೊಟ್ಟೆ ತುಂಬಿಸುವುದು ಬಣವಿಯಲ್ಲಿ ಒಟ್ಟಿದ ಬಿಳಿಜೋಳದ ಕಣಿಕೆ. ಮನುಷ್ಯನಿಗೆ ದಕ್ಕದ ಆ ಒರಟು ನಾರನ್ನು ಒಡೆಯುವ ಶಕ್ತಿ ವಾಸ್ತವದಲ್ಲಿ ಆಕಳಿಗೂ ಇಲ್ಲ. ನಾಲ್ಕು ಕೋಣೆಗಳ ಹೊಟ್ಟೆಯಲ್ಲಿ ದೊಡ್ಡದಾದ ರೂಮೆನ್ ಎಂಬ ಚೀಲದಲ್ಲಿ ವಾಸಿಸುವ ಕೋಟ್ಯನುಕೋಟಿ ಬ್ಯಾಕ್ಟೀರಿಯಾಗಳು ಆ ಕೆಲಸ ಮಾಡಿಕೊಡುತ್ತವೆ. ನೂರು ಲೀಟರಿಗೂ ಮಿಕ್ಕಿ ಹಿಡಿಸುವ ಈ ಚೀಲವೇ ನಮ್ಮ ಗ್ರಾಮೀಣ ಅರ್ಥವ್ಯವಸ್ಥೆಯ ಅತ್ಯಂತ ಅಗ್ಗದ ಕಾರ್ಖಾನೆ. ಕಣಿಕೆಯ ಬದಲು ಧಾನ್ಯವನ್ನೇ ಹೆಚ್ಚಾಗಿ ತಿನ್ನಿಸಿದರೆ ಒಳಗೆ ಆಮ್ಲ ಏರಿ ಅಲ್ಲಿನ ಜೀವಿಗಳ ಸಮತೋಲನ ಕೆಡುತ್ತದೆ. ಧಾನ್ಯ ಬಿಡಿಸಿ ಒಣಹುಲ್ಲು ಹಾಕಿದರೆ ಕೆಲವೇ ದಿನಗಳಲ್ಲಿ ಆಮ್ಲವನ್ನು ತಾಳಿಕೊಳ್ಳಬಲ್ಲ ಇ. ಕೋಲೈ ಬ್ಯಾಕ್ಟೀರಿಯಾ ಕುಗ್ಗುತ್ತದೆಂದು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 1998ರಲ್ಲಿ ವರದಿ ಮಾಡಿದಾಗ ದೊಡ್ಡ ಸಂಚಲನವಾಯಿತು. ಆನಂತರದ ಪ್ರಯೋಗಗಳ ಫಲಿತಾಂಶ ಒಂದೇ ರೀತಿ ಬರಲಿಲ್ಲ. ಆದ್ದರಿಂದ ನಮ್ಮ ಆಕಳು ಕಣಿಕೆ ತಿನ್ನುತ್ತದೆ, ನಮಗೇನೂ ಭಯವಿಲ್ಲ ಎಂದು ನಿಶ್ಚಿಂತರಾಗಲು ವಿಜ್ಞಾನದ ಆಧಾರ ಸಾಲದು.

ಇ. ಕೋಲೈಗಳಲ್ಲಿ ಬಹುತೇಕ ನಿರುಪದ್ರವಿ. ಓ157 ಎಂಬ ಪ್ರಭೇದ ಹಾಗಲ್ಲ. 1982ರಲ್ಲಿ ಅಮೆರಿಕದಲ್ಲಿ ಮೊದಲು ಗುರುತಿಸಲಾದ ಇದು ಮಕ್ಕಳಲ್ಲಿ ರಕ್ತಭೇದಿ ಉಂಟುಮಾಡಿ, ಕೆಲವರ ಮೂತ್ರಪಿಂಡವನ್ನೇ ಕೆಡಿಸುತ್ತದೆ. 1993ರಲ್ಲಿ ಸರಿಯಾಗಿ ಬೇಯದ ಹ್ಯಾಂಬರ್ಗರ್ ಮೂಲಕ ಹರಡಿ ಅಲ್ಲಿ ನಾಲ್ಕು ಮಕ್ಕಳ ಪ್ರಾಣ ತೆಗೆದದ್ದು ಇದೇ. ಇದರ ಮುಖ್ಯ ನೆಲೆ ದನದ ದೊಡ್ಡ ಕರುಳಿನ ಕೊನೆಯ ತುದಿ. ಸೋಜಿಗವೆಂದರೆ ದನಕ್ಕೆ ಇದರಿಂದ ಯಾವ ಬಾಧೆಯೂ ಇಲ್ಲ. ಇದರ ವಿಷ ಅಂಟಿಕೊಳ್ಳಲು ಮನುಷ್ಯನ ರಕ್ತನಾಳಗಳಲ್ಲಿ ಇರುವ ಗ್ರಾಹಕಗಳು ದನದ ರಕ್ತನಾಳಗಳಲ್ಲಿ ಇಲ್ಲ. ಆಕಳು ಮೇಯುತ್ತದೆ, ಮೆಲುಕು ಹಾಕುತ್ತದೆ, ಹಾಲು ಕೊಡುತ್ತದೆ. ಸಗಣಿಯಲ್ಲಿ ರೋಗಾಣು ಹೊರಬೀಳುತ್ತಿರುತ್ತದೆ.

ನಮ್ಮ ಹಳ್ಳಿಗಳಲ್ಲಿ ತಿಪ್ಪೆಗೂ ಕುಡಿಯುವ ನೀರಿನ ಕೊಳವೆಬಾವಿಗೂ ಎಷ್ಟೋ ಕಡೆ ನಾಲ್ಕು ಮಾರು ಅಂತರವಿರುವುದಿಲ್ಲ. ಇದು ಎಲ್ಲಿಗೆ ಮುಟ್ಟಬಹುದೆಂಬುದನ್ನು ಕೆನಡಾದ ವಾಕರ್ಟನ್ ಎಂಬ, ಐದು ಸಾವಿರ ಜನರೂ ಇಲ್ಲದ ಊರು 2000ದ ಮೇ ತಿಂಗಳಲ್ಲಿ ಕಂಡಿತು. ಜೋರು ಮಳೆಗೆ ಸಮೀಪದ ಹೊಲದ ಸಗಣಿಗೊಬ್ಬರದಿಂದ ರೋಗಾಣು ಊರಿನ ಬಾವಿಗೆ ಇಳಿಯಿತು. ನೀರಿಗೆ ಕ್ಲೋರಿನ್ ಹಾಕಬೇಕಾದವರು ಸರಿಯಾಗಿ ಹಾಕದೆ ದಾಖಲೆಯಲ್ಲಿ ಮಾತ್ರ ಬರೆದಿಟ್ಟಿದ್ದರು. ಏಳು ಮಂದಿ ಸತ್ತರು, ಎರಡು ಸಾವಿರಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. ತನಿಖೆ ನಡೆಸಿದ ನ್ಯಾಯಮೂರ್ತಿ ಡೆನಿಸ್ ಓಕಾನರ್ ಹೊಲದ ಒಡೆಯನಲ್ಲಿ ಯಾವ ತಪ್ಪನ್ನೂ ಕಾಣಲಿಲ್ಲ. ಆತ ಎಲ್ಲವನ್ನೂ ಕ್ರಮಬದ್ಧವಾಗಿಯೇ ಮಾಡಿದ್ದ. ಎಂಟು ವರ್ಷಗಳ ನಂತರ ಅದೇ ಕೆನಡಾ ದನಗಳಿಗೆ ಓ157 ವಿರುದ್ಧ ಲಸಿಕೆಯೊಂದಕ್ಕೆ ಪರವಾನಗಿ ನೀಡಿತು. ಕೊಳ್ಳುವವರು ವಿರಳವಾದರು. ಲಸಿಕೆ ಹಾಕಿಸಿದ ಮಾತ್ರಕ್ಕೆ ದನದ ತೂಕ ಏರುವುದಿಲ್ಲ, ಹಾಲು ಹೆಚ್ಚುವುದಿಲ್ಲ. ಉಳಿಯುವುದು ಯಾವುದೋ ಪಟ್ಟಣದ ಯಾರದೋ ಮಗು. ಅದಕ್ಕಾಗಿ ರೈತ ಕಿಸೆಗೆ ಕೈ ಹಾಕಲಿ ಎಂದು ನಿರೀಕ್ಷಿಸಿದ್ದೇ ತಪ್ಪು.

ಓ157 ದೂರದ ಕಥೆಯೆನಿಸಿದರೆ, ವಿಜಯಪುರದ ಸ್ವಂತ ಕಥೆಯೊಂದಿದೆ. ಜಿಲ್ಲೆಗೆ ಇನ್ನೂ ಬಿಜಾಪುರವೆಂಬ ಹೆಸರಿದ್ದ ಕಾಲದಲ್ಲಿ, ಬಿಎಲ್‌ಡಿಇ ಸಂಸ್ಥೆಯ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜಿನ ಡಾ. ಬಿ.ಜಿ. ಮಂಟೂರ ಮತ್ತು ಸಂಗಡಿಗರು ದೀರ್ಘಜ್ವರದ ರೋಗಿಗಳ ರಕ್ತವನ್ನು ತಾಳ್ಮೆಯಿಂದ ಪರೀಕ್ಷಿಸುತ್ತ ಹೋದರು. 2004ರಲ್ಲಿ 93 ಮಕ್ಕಳ, 2006ರಲ್ಲಿ 16 ವರ್ಷಗಳ ಅನುಭವದ ಆಧಾರದಲ್ಲಿ 495 ವಯಸ್ಕರ ವಿವರಗಳನ್ನು ಅಂತರರಾಷ್ಟ್ರೀಯ ವೈದ್ಯಕೀಯ ಪತ್ರಿಕೆಗಳಲ್ಲಿ ಪ್ರಕಟಿಸಿದರು. ರೋಗ ಬ್ರುಸೆಲ್ಲೋಸಿಸ್. ದನಗಳಲ್ಲಿ ಇದನ್ನು ಕಂದುರೋಗವೆನ್ನುತ್ತಾರೆ. ಗಬ್ಬದ ಆಕಳು ಏಳೆಂಟು ತಿಂಗಳಿಗೆ ಕಂದು ಹಾಕುತ್ತದೆ. ಮನುಷ್ಯರಿಗೆ ಬಂದರೆ ಬಿಟ್ಟುಬಿಟ್ಟು ಜ್ವರ, ಬೆವರು, ಕೀಲುನೋವು, ಬೆನ್ನುನೋವು. ಮಲೇರಿಯ, ಟೈಫಾಯ್ಡ್, ಕ್ಷಯ ಎಂದೆಲ್ಲ ಶಂಕಿಸಿ ತಿಂಗಳುಗಟ್ಟಲೆ ಔಷಧ ಕೊಡುವುದುಂಟು. ಕೂಲಿಯವನಿಗೆ ಬೆನ್ನು ಹೋದರೆ ಉಳಿದದ್ದೇನು? ರೋಗ ಬರುವುದು ಕಾಯಿಸದ ಹಾಲಿನಿಂದ, ಇಲ್ಲವೇ ಕಂದು ಹಾಕಿದ ದನದ ಮಾಸನ್ನು ಬರಿಗೈಯಲ್ಲಿ ಎತ್ತಿಹಾಕುವುದರಿಂದ. ಆ ಕೆಲಸ ಬಹುಪಾಲು ಮನೆಗಳಲ್ಲಿ ಹೆಂಗಸರದು.

ಇಲ್ಲಿ ರೈತನಿಗೂ ನಷ್ಟವಿದೆ, ಆದ್ದರಿಂದ ಅವನು ಎಚ್ಚರ ವಹಿಸುತ್ತಾನೆ ಎನ್ನಬಹುದು. ಆಗುವುದು ಬೇರೆ. ಕಂದು ಹಾಕಿದ ಆಕಳನ್ನು ಕೊಲ್ಲುವ ಮಾತು ನಮ್ಮಲ್ಲಿಲ್ಲ. ಕಟ್ಟಿ ಸಾಕುವ ಶಕ್ತಿ ಸಣ್ಣ ರೈತನಿಗಿಲ್ಲ. ಆತ ಅದನ್ನು ಸಂತೆಗೆ ಹೊಡೆಯುತ್ತಾನೆ. ಸಂತೆಯಲ್ಲಿ ಕೊಳ್ಳುವವನು ಹಲ್ಲು ನೋಡುತ್ತಾನೆ, ಕೆಚ್ಚಲು ನೋಡುತ್ತಾನೆ. ರಕ್ತ ನೋಡುವ ಉಪಾಯ ಅವನಲ್ಲಿಲ್ಲ. ರೋಗ ಒಂದು ಹಟ್ಟಿಯಿಂದ ಇನ್ನೊಂದು ಹಟ್ಟಿಗೆ ನಡೆದು ಹೋಗುತ್ತದೆ. ಪ್ರಾಣಿಗಳ ಸಾಂಕ್ರಾಮಿಕ ರೋಗಗಳ ತಡೆ ಕುರಿತ 2009ರ ಕೇಂದ್ರ ಕಾಯ್ದೆ ಇಂಥ ರೋಗವನ್ನು ವರದಿ ಮಾಡುವ ಹೊಣೆಯನ್ನು ದನದ ಒಡೆಯನ ಮೇಲೆ ಹೊರಿಸಿದೆ. ವರದಿ ಮಾಡಿದ ಮರುಗಳಿಗೆ ತನ್ನ ಆಕಳಿನ ಬೆಲೆ ಸೊನ್ನೆಯಾಗುತ್ತದೆಂದು ಬಲ್ಲವನು ವರದಿ ಮಾಡಲಿ ಎಂಬುದು, ಸೇವೆಯಲ್ಲಿದ್ದಾಗ ಇಂಥ ಅನೇಕ ಸುತ್ತೋಲೆಗಳಿಗೆ ಸಹಿ ಹಾಕಿದ ನನಗೂ ನಗು ತರಿಸುತ್ತದೆ.

ಈ ರೋಗಾಣುವಿನ ಚರಿತ್ರೆಯಲ್ಲೇ ಒಂದು ಪಾಠವಿತ್ತು. ಡೇವಿಡ್ ಬ್ರೂಸ್ 1887ರಲ್ಲಿ ಮಾಲ್ಟಾ ದ್ವೀಪದಲ್ಲಿ ಇದನ್ನು ಕಂಡುಹಿಡಿದ. ಅಲ್ಲಿನ ಆಡುಗಳು ಗುಂಡುಕಲ್ಲಿನಂತೆ ಆರೋಗ್ಯವಾಗಿದ್ದೂ ಇದನ್ನು ಹಾಲಿನಲ್ಲಿ ಹೊರಹಾಕುತ್ತವೆಂದು 1905ರಲ್ಲಿ ಥೆಮಿಸ್ಟೊಕ್ಲೀಸ್ ಝಾಮಿಟ್ ತೋರಿಸಿದ. ಮರುವರ್ಷ ಬ್ರಿಟಿಷ್ ಸೈನಿಕರಿಗೆ ಆಡಿನ ಹಾಲು ನಿಷಿದ್ಧವಾಯಿತು. ಸೈನ್ಯದಲ್ಲಿ ಜ್ವರ ಬಹುಮಟ್ಟಿಗೆ ನಿಂತಿತು. ಆಡುಗಳನ್ನೇ ನಂಬಿದ್ದ ಮಾಲ್ಟಾದ ಸಾಮಾನ್ಯ ಜನರಲ್ಲಿ ನಿಲ್ಲಲಿಲ್ಲ. ಇಂದು ಪಾಶ್ಚರೀಕರಿಸಿದ ಪ್ಯಾಕೆಟ್ ಹಾಲು ಕಾಯಿಸಿ ಕುಡಿಯುವ ನಾವು ಆ ಸೈನಿಕರ ಸ್ಥಾನದಲ್ಲಿದ್ದೇವೆ. (ದೇಸಿ ಆಕಳಿನ ಧಾರೋಷ್ಣ ಹಾಲೇ ಅಮೃತವೆಂದು ದುಬಾರಿ ಬೆಲೆ ತೆತ್ತು ಹಸಿಯಾಗಿಯೇ ಕುಡಿಯುವ ನಗರದ ಕೆಲವು ವಿದ್ಯಾವಂತರು ಮಾತ್ರ ತಾವಾಗಿಯೇ ಆ ಸ್ಥಾನ ಬಿಟ್ಟುಕೊಟ್ಟಿದ್ದಾರೆ.)

ಕೇಂದ್ರ ಸರ್ಕಾರ ಏನೂ ಮಾಡಿಲ್ಲವೆನ್ನಲಾಗದು. 2019ರ ಸೆಪ್ಟೆಂಬರ್‌ನಲ್ಲಿ ಮಥುರಾದಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದ ಪ್ರಕಾರ, ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುಗಳಿಗೆ ಜೀವಮಾನದಲ್ಲಿ ಒಮ್ಮೆ ಕಂದುರೋಗದ ಲಸಿಕೆಯನ್ನು ಉಚಿತವಾಗಿ ಹಾಕಬೇಕು. ಲಾಭ ಸಮಾಜದ್ದಾದ್ದರಿಂದ ವೆಚ್ಚವೂ ಸಮಾಜದ್ದು, ತತ್ತ್ವ ಸರಿಯಾಗಿದೆ. ಆದರೆ ಅದರ ವ್ಯಾಪ್ತಿ ಆಕಳು, ಎಮ್ಮೆಗಳ ಕರುಗಳಿಗೆ ಸೀಮಿತ. ವಿಜಯಪುರದ ವೈದ್ಯರು ರೋಗಿಗಳ ರಕ್ತದಲ್ಲಿ ಪ್ರಧಾನವಾಗಿ ಕಂಡದ್ದು ಮೆಲಿಟೆನ್ಸಿಸ್ ಎಂಬ ಪ್ರಭೇದ. ಅದರ ಸಹಜ ನೆಲೆ ಕುರಿ, ಆಡುಗಳು. ಒಂದೇ ಹಟ್ಟಿಯಲ್ಲಿ ಕಟ್ಟಿದರೆ ದನಗಳಿಗೂ ದಾಟುತ್ತದೆ. ಕುರಿಗಾರಿಕೆಯೇ ಜೀವನವಾದ ಸಾವಿರಾರು ಕುಟುಂಬಗಳಿರುವ ಈ ಸೀಮೆಗೆ ಅರ್ಧ ಬೇಲಿ ಹಾಕಿದಂತಾಯಿತು. ಆಸ್ಪತ್ರೆಯ ಶೋಧನೆ ಪಶುಸಂಗೋಪನೆಯ ಯೋಜನೆಯನ್ನು ತಲುಪಲಿಲ್ಲ, ಏಕೆಂದರೆ ಅವೆರಡೂ ಬೇರೆ ಬೇರೆ ಇಲಾಖೆಗಳು, ಬೇರೆ ಬೇರೆ ಕಡತಗಳು. 2022ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಉದ್ಘಾಟನೆಯಾದ ‘ಒನ್ ಹೆಲ್ತ್’ ಪ್ರಾಯೋಗಿಕ ಯೋಜನೆಯ ಆಶಯ ಈ ಗೋಡೆಯನ್ನು ಒಡೆಯುವುದೇ ಆಗಿತ್ತು.

ದುಬಾರಿಯಲ್ಲದ ಒಂದು ದಾರಿಯಿದೆ. ಹಲವು ದನಗಳ ಬೆರಕೆ ಹಾಲಿನಲ್ಲೂ ಕಂದುರೋಗದ ಸುಳಿವು ಹಿಡಿಯಬಲ್ಲ ಹಾಲಿನ ಉಂಗುರ ಪರೀಕ್ಷೆ ಬಹಳ ಹಳೆಯದು, ಅಗ್ಗದ್ದು. ಸಂಘದ ಕ್ಯಾನುಗಳ ಹಾಲನ್ನು ವರ್ಷಕ್ಕೆರಡು ಬಾರಿ ಹೀಗೆ ನೋಡಿ, ಸುಳಿವು ಸಿಕ್ಕ ಊರಿನಲ್ಲಷ್ಟೇ ಮನೆಮನೆಯ ದನದ ರಕ್ತ ಪರೀಕ್ಷಿಸಬಹುದು. ಸೋಂಕು ಖಚಿತವಾದ ಆಕಳಿಗೆ ಸಂತೆಯ ಬೆಲೆಯಲ್ಲಿ ಮುಕ್ಕಾಲು ಭಾಗವನ್ನಾದರೂ ಒಡೆಯನಿಗೆ ಕೊಟ್ಟು, ಅದನ್ನು ಪ್ರತ್ಯೇಕವಾಗಿಡುವ ಭಾರವನ್ನು ಸರ್ಕಾರ ಹೊರಬೇಕು. ಪರಿಹಾರವಿಲ್ಲದೆ ಪರೀಕ್ಷೆ ಮಾತ್ರ ತಂದರೆ, ಪರೀಕ್ಷೆಯ ತಂಡ ಊರು ಮುಟ್ಟುವ ಹಿಂದಿನ ರಾತ್ರಿಯೇ ಆ ಆಕಳು ಯಂಕಂಚಿ ಬಿಟ್ಟು ಮುಂದಿನ ತಾಲ್ಲೂಕಿನಲ್ಲಿರುತ್ತದೆ.