ಸ್ವಾರಗೇಟಿನಿಂದ ಕೆರೆದಂಡೆಗೆ: ಕರ್ಪೂರ, ಹೆಜ್ಜೇನು ಮತ್ತು ಒದ್ದೆ ಟೆಂಟು

ಪುಣೆಗೆ ಹೊಸದಾಗಿ ಬಂದ ಕನ್ನಡಿಗರ ಮೊದಲ ತಪ್ಪು ಶುರುವಾಗುವುದು ಸ್ವಾರಗೇಟಿನಲ್ಲೇ. ಹುಬ್ಬಳ್ಳಿ, ಬೆಳಗಾವಿ ಬಸ್ಸಿನಿಂದ ಕಣ್ಣುಜ್ಜಿಕೊಳ್ಳುತ್ತ ಇಳಿದವರು ಫಲಕ ನೋಡಿ ‘ಸ್ವರ್ಗದ ಗೇಟು’ ಅಂದುಕೊಳ್ಳುತ್ತಾರೆ. ನಾನೂ ಒಂದು ವರ್ಷ ಹಾಗೇ ನಂಬಿದ್ದೆ. ಮರಾಠಿಯಲ್ಲಿ ಸ್ವಾರ ಎಂದರೆ ಸವಾರ, ಕುದುರೆ ಏರಿದವನು. ಊರಂಚಿನಲ್ಲಿ ಕುದುರೆ ಸವಾರರು ಕಾವಲಿದ್ದ ನಾಕೆ ಇದಾಗಿತ್ತು ಎಂಬುದು ಇಲ್ಲಿನವರು ಕೊಡುವ ವಿವರಣೆ. ಸ್ವರ್ಗಕ್ಕೂ ಇದಕ್ಕೂ ಸಂಬಂಧವಿಲ್ಲ. ಬೆಳಗಿನ ಆರಕ್ಕೆ ಅಲ್ಲಿ ನಿಂತು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಯೂ ಇಲ್ಲ.

ಮದುವೆಯಾದ ಮರುವರ್ಷ ನಾವಿಬ್ಬರೂ ಬೆನ್ನಿಗೆ ಚೀಲ ಏರಿಸಿ, ಬೆಟ್ಟದ ಮೇಲೊಂದು ಕೆರೆಯ ದಂಡೆಯಲ್ಲಿ ಮೊದಲ ರಾತ್ರಿ ಕಳೆಯಲು ಹೊರಟದ್ದು ಅಲ್ಲಿಂದಲೇ. ಈಗ ಸ್ವಾರಗೇಟಿಗೆ ಮೆಟ್ರೊ ಬಂದಿದೆ, 2024ರ ಸೆಪ್ಟೆಂಬರಿನಿಂದ. ಆಗ ಇರಲಿಲ್ಲ. ಅತ್ತೆ ಧಾರವಾಡದಿಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಜೊತೆಗೆ ಒಂದು ಪೊಟ್ಟಣ ಕರ್ಪೂರ ಕಳಿಸಿದ್ದರು. “ಗುಡ್ಡದ ಮ್ಯಾಲ ಉಸಿರು ಕಟ್ಟತೈತಿ, ಮೂಸ್ರಿ” ಎಂಬ ಅಪ್ಪಣೆಯೊಂದಿಗೆ.

ನಮ್ಮ ಗುರಿ ರಾಜಗಡ. “ಅಂದರೆ ಶಿವಾಜಿಯ ಪಟ್ಟಾಭಿಷೇಕ ಆಯಿತಲ್ಲ, ಅದೇ?” ಎಂದು ಕೇಳದವರಿಲ್ಲ. ಅದಲ್ಲ. 1674ರ ಪಟ್ಟಾಭಿಷೇಕ ನಡೆದದ್ದು ಕೊಂಕಣದಲ್ಲಿ ಮಹಾಡದ ಬಳಿಯ ರಾಯಗಡದಲ್ಲಿ. ರಾಜಗಡ ಅದಕ್ಕೂ ಮೊದಲಿನ ರಾಜಧಾನಿ, ಸುಮಾರು ಕಾಲು ಶತಮಾನ ಕಾಲ. ಒಂದಕ್ಷರದ ವ್ಯತ್ಯಾಸಕ್ಕೆ ಸಹ್ಯಾದ್ರಿಯ ಆಚೆ ಬದಿಗೆ ಇಳಿಯಬೇಕಾದೀತು. ರಾಜಗಡಕ್ಕಾದರೆ ಸಾತಾರಾ ರಸ್ತೆಯಲ್ಲಿ ನಸರಾಪುರದವರೆಗೆ ಹೋಗಿ, ಒಳಗೆ ತಿರುಗಿ ಗುಂಜವಣೆ ಸೇರಬೇಕು. ಅಲ್ಲಿಂದ ಚೋರ ದರವಾಜಾದ ಕಡಿದಾದ ದಾರಿ ಹತ್ತಿದರೆ ಪದ್ಮಾವತಿ ಮಾಚಿ, ಅಂದರೆ ಗಡದ ಮೇಲಿನ ಮಟ್ಟಸವಾದ ಹರವು. ಬಾಗಿಲಿನಿಂದ ಒಳಗೆ ತಲೆ ಹಾಕಿದ ಕೂಡಲೇ ಕೆರೆ ಕಾಣುತ್ತದೆ.

ಬೆಟ್ಟದ ಕೆರೆಯೆಂದರೆ ಪ್ರಕೃತಿಯೇ ತೋಡಿದ್ದು, ಹಾಗಾಗಿ ನೀರು ಅಮೃತ ಎಂಬ ನಂಬಿಕೆಯಿದೆಯಲ್ಲ, ಅದರ ಬುಡ ಅಲುಗಾಡಿದ್ದು ಇಲ್ಲೇ. ಪದ್ಮಾವತಿ ಕೆರೆ ಕಟ್ಟಿದ ಕೆರೆ. ಗಡದ ಮೇಲಿನ ಮಂದಿಗೆಂದು ಮಳೆನೀರು ಹಿಡಿದಿಟ್ಟ ತೊಟ್ಟಿ ಅನ್ನಿ. ರಾಮಚಂದ್ರಪಂತ ಅಮಾತ್ಯರು 18ನೇ ಶತಮಾನದ ಆರಂಭದಲ್ಲಿ ಬರೆದ ‘ಆಜ್ಞಾಪತ್ರ’ದಲ್ಲಿ ಕೋಟೆ ಕಟ್ಟುವವರಿಗೆ ಮೊದಲು ನೀರು ನೋಡಿ, ಇಲ್ಲದಿದ್ದರೆ ಬಂಡೆ ಒಡೆದಾದರೂ ಕೆರೆ-ತೊಟ್ಟಿ ಮಾಡಿ, ಇರುವುದನ್ನು ಜೋಪಾನ ಮಾಡಿ ಎಂಬ ತಾಕೀತಿದೆ. ಹೀಗೆ ನಿಂತ ನೀರಿಗೆ ದನದ ಸಗಣಿ, ಇಲಿಯ ಮೂತ್ರ, ಮನುಷ್ಯರ ಹೊಲಸು ಎಲ್ಲ ಮಳೆಯೊಂದಿಗೆ ಹರಿದು ಬರುತ್ತದೆ. ತಿಳಿಯಾಗಿದೆ ಎಂದರೆ ಮಣ್ಣು ತಳಕ್ಕೆ ಕೂತಿದೆ ಎಂದಷ್ಟೇ ಅರ್ಥ. ಟೈಫಾಯ್ಡ್, ಕಾಮಾಲೆ ತರುವ ಜೀವಿಗಳು ಕಣ್ಣಿಗೆ ಕಾಣುವುದಿಲ್ಲ. ಪಂಚೆಯ ಬಟ್ಟೆಯಲ್ಲಿ ಸೋಸಿದರೂ ಹೋಗುವುದಿಲ್ಲ.

ಕುದಿಸಿದರೆ ಹೋಗುತ್ತವೆ. ಇಲ್ಲಿ ಓದಿದವರದೇ ಇನ್ನೊಂದು ತಪ್ಪು ಕಲ್ಪನೆ. “ಎತ್ತರದಲ್ಲಿ ನೀರು ನೂರು ಡಿಗ್ರಿಗೆ ಮೊದಲೇ ಕುದಿಯುತ್ತದೆ, ಕ್ರಿಮಿ ಸಾಯುವುದಿಲ್ಲ” ಎಂದು ನನ್ನ ಇಂಜಿನಿಯರ್ ಗಂಡ ವಾದ ಹೂಡಿದ. ಮೊದಲರ್ಧ ನಿಜ. ಪ್ರತಿ 300 ಮೀಟರಿಗೆ ಹೆಚ್ಚುಕಡಿಮೆ ಒಂದು ಡಿಗ್ರಿ ಇಳಿಯುತ್ತದೆ. ರಾಜಗಡದ ಸುಮಾರು 1,400 ಮೀಟರಿನಲ್ಲಿ ನೀರು 95 ಡಿಗ್ರಿಗೇ ಕೊತಕೊತ ಅನ್ನುತ್ತದೆ. ಆದರೆ ಈ ರೋಗಾಣುಗಳ ಕಥೆ ಅದಕ್ಕೂ ಬಹಳ ಕೆಳಗೇ ಮುಗಿದಿರುತ್ತದೆ. ಒಂದು ನಿಮಿಷ ಚೆನ್ನಾಗಿ ಕುದಿಸಿದರೆ ಸಾಕು. 2,000 ಮೀಟರ್ ದಾಟಿದ ಮೇಲೆ ಮೂರು ನಿಮಿಷ. ಬೇಯಲು ತಡಮಾಡುವುದು ತೊಗರಿಬೇಳೆ, ಕ್ರಿಮಿಗಳಲ್ಲ.

ಕೆರೆಯ ಅಂಚೇ ಮಲಗಲು ಚೆಂದದ ಜಾಗ ಎಂಬ ನಂಬಿಕೆಗೆ ನಾವು ಪೂರ್ತಿ ದಂಡ ತೆತ್ತೆವು. ಫೋಟೊದಲ್ಲಿ ಟೆಂಟು, ನೀರು, ನೀರಿನಲ್ಲಿ ಟೆಂಟಿನ ನೆರಳು. ಜನವರಿಯ ರಾತ್ರಿ, ಚಳಿ ಬರಬಾರದೆಂದು ಜಿಪ್ಪುಗಳನ್ನೆಲ್ಲ ಎಳೆದು ಮುಚ್ಚಿದೆವು. ಮೂರು ಗಂಟೆಗೆ ಹಣೆಯ ಮೇಲೆ ಹನಿ. ಮಳೆಯಿಲ್ಲ, ಮೋಡವಿಲ್ಲ. ಟೆಂಟು ಸೋರುತ್ತಿದೆ, ಮಾರಿದವನು ಮೋಸ ಮಾಡಿದ ಎಂದು ಬೆಳಗಿನ ತನಕ ಬೈದುಕೊಂಡೆವು. ಅವನ ತಪ್ಪೇನೂ ಇರಲಿಲ್ಲ. ಇಬ್ಬರು ಮಲಗಿದರೆ ಉಸಿರು ಮತ್ತು ಮೈಯಿಂದ ಒಂದು ರಾತ್ರಿಯಲ್ಲಿ ಹತ್ತಿರಹತ್ತಿರ ಅರ್ಧ ಲೀಟರ್ ನೀರು ಆವಿಯಾಗಿ ಹೊರಬರುತ್ತದೆ. ಹೋಗಲು ದಾರಿಯಿಲ್ಲದೆ ಅದು ತಣ್ಣನೆಯ ಬಟ್ಟೆಗೆ ತಾಗಿ ಹನಿಯಾಗುತ್ತದೆ. ಮೇಲೆ ಒಂದು ಕಿಂಡಿ ತೆರೆದಿಡಬೇಕಿತ್ತು. ಕೆರೆಯೆಂದಮೇಲೆ ತಗ್ಗು, ತಂಪು ಗಾಳಿ ಭಾರ, ರಾತ್ರಿ ಜಾರಿ ಬಂದು ಅಲ್ಲೇ ನಿಲ್ಲುತ್ತದೆ, ಪಕ್ಕದಲ್ಲಿ ನೀರಿನ ಪಸೆ ಬೇರೆ. ಹತ್ತಿಪ್ಪತ್ತು ಮಾರು ಮೇಲೆ ಹೋಗಿದ್ದರೆ ಬೆಚ್ಚಗಿರುತ್ತಿದ್ದೆವು.

ಮೇಲೆ ಎರಡು ಕಂಬಳಿ ಹೊದ್ದಿದ್ದೆವು, ಕೆಳಗೆ ಒಂದು ತೆಳು ಚಾಪೆ. ಇದೂ ತಿರುಗಾಮುರುಗಾ. ಮೈಯ ಭಾರಕ್ಕೆ ಅಪ್ಪಚ್ಚಿಯಾದ ಹಾಸಿಗೆಯಲ್ಲಿ ಗಾಳಿಯೇ ಉಳಿಯುವುದಿಲ್ಲ, ನೆಲ ಬೆನ್ನಿನ ಶಾಖವನ್ನು ಹೀರುತ್ತಲೇ ಇರುತ್ತದೆ. ಒಂದು ಕಂಬಳಿ ಕೆಳಗೆ ಹೋಗಬೇಕಿತ್ತು. ಚಳಿಗೆ ‘ಒಂದು ಪೆಗ್’ ಎನ್ನುವವರೂ ಇದ್ದಾರೆ. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುವುದರಿಂದ ಬೆಚ್ಚಗೆನಿಸುತ್ತದೆ, ಒಳಗಿನ ಶಾಖ ಮಾತ್ರ ಹೊರಗೆ ಹೋಗುತ್ತಿರುತ್ತದೆ. ಗಡದ ಮೇಲೆ ಅದನ್ನು ಒಯ್ಯುವುದೇ ಅಸಹ್ಯ, ಆ ಮಾತು ಬೇರೆ.

ಟೆಂಟಿನ ಸುತ್ತ ಉಪ್ಪಿನ ಗೆರೆ ಎಳೆದರೆ ಹಾವು ದಾಟುವುದಿಲ್ಲವಂತೆ. ದಾಟುತ್ತದೆ. ಹಾವು ಬರುವುದು ಇಲಿಯ ಬೆನ್ನು ಹತ್ತಿ, ಇಲಿ ಬರುವುದು ನಾವು ಚೆಲ್ಲಿದ ಅನ್ನಕ್ಕೆ. ಕಟ್ಟುಹಾವು ರಾತ್ರಿಯ ಜೀವಿ. ನೆಲದ ಮೇಲೆ ಮಲಗಿದವರನ್ನು ನಿದ್ದೆಯಲ್ಲೇ ಕಚ್ಚುತ್ತದೆ, ಎಷ್ಟೋ ಸಲ ನೋವೂ ಆಗುವುದಿಲ್ಲ. ಜಿಪ್ಪು ಎಳೆದ ಟೆಂಟು ಕಾಪಾಡುತ್ತದೆ, ಉಪ್ಪು ಕಾಪಾಡುವುದಿಲ್ಲ.

ಹಾವಿಗಿಂತ ನಾನು ಹೆದರುವುದು ಹೆಜ್ಜೇನಿಗೆ. ಸಹ್ಯಾದ್ರಿಯ ಗಡಗಳ ಕಡಿದಾದ ಬಂಡೆಗಳಿಗೆ ಅವುಗಳ ತಟ್ಟಿಗಳು ಜೋತುಬಿದ್ದಿರುತ್ತವೆ. ಬೆಂಕಿ ಹಾಕಿದರೆ ಯಾವ ಪ್ರಾಣಿಯೂ ಸುಳಿಯುವುದಿಲ್ಲ ಎಂದು ಕಟ್ಟಿಗೆ ಒಟ್ಟುವವರು ಆ ಹೊಗೆ ಎಲ್ಲಿಗೆ ಹೋಗುತ್ತದೆ ಎಂದು ತಲೆಯೆತ್ತಿ ನೋಡಬೇಕು. ಎದ್ದ ಹೆಜ್ಜೇನಿನಿಂದ ತಪ್ಪಿಸಿಕೊಳ್ಳಲು ಕೆರೆಗೆ ಹಾರಬೇಕು ಎಂಬುದು ಸಿನಿಮಾದ ಪಾಠ. ಅವು ನೀರಿನ ಮೇಲೆ ಸುತ್ತುತ್ತ ಕಾಯುತ್ತವೆ. ಉಸಿರಿಗೆ ತಲೆ ಎತ್ತಿದರೆ ಮುಖಕ್ಕೇ ಬೀಳುತ್ತವೆ. ಪಾಚಿಗಟ್ಟಿದ ಮೆಟ್ಟಿಲು, ತಳದ ಕೆಸರು, ಒದ್ದೆ ಬಟ್ಟೆಯ ಭಾರ, ಈಜು ಬಲ್ಲವರೂ ಮುಳುಗುತ್ತಾರೆ. ಮುಖ ಮುಚ್ಚಿಕೊಂಡು ದೂರ ಓಡಬೇಕು, ಬಾಗಿಲಿರುವ ಗುಡಿಯೋ ಮನೆಯೋ ಸಿಕ್ಕರೆ ಒಳಗೆ ಹೊಕ್ಕು ಮುಚ್ಚಿಕೊಳ್ಳಬೇಕು. ಚುಚ್ಚಿದ ಮುಳ್ಳಿನ ವಾಸನೆಗೇ ಉಳಿದವು ಬರುವುದರಿಂದ ಅದನ್ನು ಉಗುರಿನಿಂದಲೋ ಚಿವುಟಿಯೋ ಬೇಗ ಕೀಳಬೇಕು.

“ಕಾಡುಬೆಟ್ಟ, ಯಾರನ್ನು ಕೇಳಬೇಕು?” ಕೇಳಬೇಕು. ರಾಜಗಡ ಸಂರಕ್ಷಿತ ಸ್ಮಾರಕ. ಮರಾಠಾ ಸೇನಾ ನೆಲೆಗಳ 12 ಕೋಟೆಗಳ ಸಾಲಿನಲ್ಲಿ 2025ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ನಾವು ಹೋದ ಕಾಲದ ಸಲಿಗೆ ಈಗಿಲ್ಲ. ಗಡದ ಮೇಲೆ ರಾತ್ರಿ ತಂಗುವುದಕ್ಕೆ ಪುರಾತತ್ವ ಇಲಾಖೆ ನಿಷೇಧ ಹೇರಿದ್ದುಂಟು, ಆದ್ದರಿಂದ ಚೀಲ ಕಟ್ಟುವ ಮೊದಲೇ ವಿಚಾರಿಸಿ. ಗುಂಜವಣೆಯ ಮನೆಗಳಲ್ಲಿ ಮಲಗಿ ನಸುಕಿನಲ್ಲಿ ಹತ್ತಿದರೂ ಕೆರೆ ಅಲ್ಲೇ ಇರುತ್ತದೆ. ಕೆರೆಯ ಹತ್ತಿರವೇ ಶಿವಾಜಿಯ ಮೊದಲ ಹೆಂಡತಿ ಸಯೀಬಾಯಿಯ ಸಮಾಧಿಯಿದೆ. 1659ರಲ್ಲಿ ಆಕೆ ತೀರಿಕೊಂಡದ್ದು ಈ ಗಡದ ಮೇಲೆಯೇ. ನಾವು ಮೊದಲ ದಿನ ಅದನ್ನು ದಾಟಿಯೇ ನಡೆದಿದ್ದೆವು, ಗಮನ ಪೂರ್ತಿ ಟೆಂಟಿನ ಗೂಟದ ಮೇಲೆ.

ಇನ್ನು ಅತ್ತೆಯ ಕರ್ಪೂರ. ಎತ್ತರದ ಕಾಯಿಲೆ ಸಾಮಾನ್ಯವಾಗಿ ಶುರುವಾಗುವುದು 2,500 ಮೀಟರಿನ ಮೇಲೆ. ನಮ್ಮ ಮುಳ್ಳಯ್ಯನಗಿರಿಯೇ 2,000 ಮುಟ್ಟುವುದಿಲ್ಲ. ಚೋರ ದರವಾಜಾದ ಕೆಳಗೆ ನಾವು ಏದುಸಿರು ಬಿಟ್ಟದ್ದು ವರ್ಷಗಟ್ಟಲೆ ಕುರ್ಚಿಯಲ್ಲಿ ಕೂತದ್ದಕ್ಕೆ. ಕರ್ಪೂರ ಮೂಗಿಗೆ ತಂಪೆನಿಸುತ್ತದೆ, ರಕ್ತಕ್ಕೆ ಆಮ್ಲಜನಕ ಸೇರಿಸುವುದಿಲ್ಲ. ಹೊಟ್ಟೆಗೆ ಹೋದರಂತೂ ಅಪಸ್ಮಾರ ತರುವ ವಿಷ. ಅದು ಕರಗದೆಯೇ ಆವಿಯಾಗುವ ವಸ್ತು ಎಂಬುದು ನಮಗೆ ನೆನಪಾದದ್ದು ಎರಡನೆಯ ದಿನ, ಗಡದ ನೆತ್ತಿಯ ಒಳಕೋಟೆ ಬಾಲೆಕಿಲ್ಲೆಯಿಂದ ಹಸಿದು ಇಳಿದು ಬುತ್ತಿ ಬಿಚ್ಚಿದಾಗ. ಪೊಟ್ಟಣ ಅರ್ಧ ಖಾಲಿ, ಉಳಿದ ರೊಟ್ಟಿಗಳೆಲ್ಲ ಮಂಗಳಾರತಿಯ ವಾಸನೆ.