ಕ್ರೀಡಾಕೂಟದ ಆತಿಥ್ಯ: ಖರ್ಚಿನ ಖಾತೆಗೆ ಜನರ ರುಜು

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬುದು ಹಿರಿಯರ ಎಚ್ಚರಿಕೆಯ ಮಾತು. ಅಂತರರಾಷ್ಟ್ರೀಯ ಕ್ರೀಡಾಕೂಟಕ್ಕೆ ಆತಿಥ್ಯ ವಹಿಸಲು ಮುಂದಾಗುವ ನಗರವು ಈ ಎರಡು ಸಾಹಸಗಳನ್ನೂ ಏಕಕಾಲಕ್ಕೆ ಕೈಗೆತ್ತಿಕೊಳ್ಳುತ್ತದೆ. ವರ್ಷಗಟ್ಟಲೆ ಕಟ್ಟಡ, ರಸ್ತೆ, ಸೇತುವೆಗಳ ನಿರ್ಮಾಣ. ಎರಡು ವಾರಗಳ ಸಂಭ್ರಮ. ಆ ಬಳಿಕ ಲೆಕ್ಕಪತ್ರ. ಸಂಭ್ರಮದಲ್ಲಿ ಪಾಲ್ಗೊಳ್ಳುವವರು ಹಲವರಾದರೂ ಲೆಕ್ಕ ತೀರಿಸುವ ಹೊಣೆ ಉಳಿಯುವುದು ಊರಿನ ತೆರಿಗೆದಾರರ ಮೇಲೆ. ಅವರಲ್ಲಿ ಅಂಗಡಿಕಾರರೂ ಸಣ್ಣ ಕೈಗಾರಿಕೆಗಳ ಮಾಲೀಕರೂ ಸೇರಿರುತ್ತಾರೆ.

2030ರ ಕಾಮನ್‌ವೆಲ್ತ್ ಕ್ರೀಡಾಕೂಟವನ್ನು ಅಹಮದಾಬಾದಿಗೆ ವಹಿಸುವ ನಿರ್ಧಾರವು 2025ರ ನವೆಂಬರ್ 26ರಂದು ಗ್ಲಾಸ್ಗೋದಲ್ಲಿ ಪ್ರಕಟವಾಯಿತು. ಅದಕ್ಕೂ ಮುನ್ನ, 2024ರ ಅಕ್ಟೋಬರ್‌ನಲ್ಲಿ, 2036ರ ಒಲಿಂಪಿಕ್ಸ್ ಆತಿಥ್ಯಕ್ಕೆ ಆಸಕ್ತಿ ಸೂಚಿಸಿ ಭಾರತವು ಪತ್ರ ಸಲ್ಲಿಸಿತ್ತು. ದೇಶದ ವಾಣಿಜ್ಯ ವಲಯದಲ್ಲಿ ಈ ಬೆಳವಣಿಗೆಗಳು ಸಹಜವಾಗಿಯೇ ನಿರೀಕ್ಷೆ ಮೂಡಿಸಿವೆ. ಇಂತಹ ಸಂದರ್ಭದಲ್ಲಿ, ‘ಕೂಟ ಬೇಕೇ, ಬೇಡವೇ’ ಎಂದು ಊರಿನ ಜನರನ್ನೇ ನೇರವಾಗಿ ಕೇಳಿದ ನಗರಗಳ ಅನುಭವವನ್ನು ಅವಲೋಕಿಸುವುದು ಉಚಿತ. ಅವುಗಳ ಪೈಕಿ ಕೆನಡಾದ ಕ್ಯಾಲ್ಗರಿ ನಗರದ ಪ್ರಸಂಗ ವಿಶೇಷವಾಗಿ ಬೋಧಪ್ರದವಾಗಿದೆ.

ಹಳೆಯ ಹೆಮ್ಮೆ, ಹೊಸ ಅಂಜಿಕೆ

ಕ್ಯಾಲ್ಗರಿಯ ಜನರು ಕ್ರೀಡೆಯ ವಿರೋಧಿಗಳಲ್ಲ. 1988ರ ಚಳಿಗಾಲದ ಒಲಿಂಪಿಕ್ಸ್ ಅನ್ನು ಯಶಸ್ವಿಯಾಗಿ ನಡೆಸಿದ ಹೆಮ್ಮೆ ಆ ಊರಿಗಿದೆ. ಸಾವಿರಾರು ನಾಗರಿಕರು ಸ್ವಯಂಸೇವಕರಾಗಿ ದುಡಿದಿದ್ದರು. ಆಗ ನಿರ್ಮಾಣವಾದ ಸ್ಕೇಟಿಂಗ್ ಅಂಗಣವೂ ಒಲಿಂಪಿಕ್ ಉದ್ಯಾನವೂ ಮೂರು ದಶಕಗಳ ಕಾಲ ಜನರ ಬಳಕೆಯಲ್ಲಿದ್ದವು. ಅದೇ ನಗರವು 2026ರ ಚಳಿಗಾಲದ ಕೂಟಕ್ಕಾಗಿ ಮತ್ತೊಮ್ಮೆ ಪ್ರಯತ್ನಿಸಲು ಹೊರಟಾಗ, ಪ್ರಾಂತೀಯ ಹಣ ಬೇಕಾದರೆ ಜನಮತಗಣನೆ ನಡೆಯಲೇಬೇಕೆಂದು ಆಲ್ಬರ್ಟಾ ಪ್ರಾಂತ್ಯದ ಸರ್ಕಾರ ಷರತ್ತು ವಿಧಿಸಿತು.

ಆದರೆ 2018ರ ಕ್ಯಾಲ್ಗರಿ 1988ರ ಕ್ಯಾಲ್ಗರಿಯಾಗಿರಲಿಲ್ಲ. ತೈಲೋದ್ಯಮವನ್ನೇ ಆಧರಿಸಿದ ಆ ನಗರಕ್ಕೆ 2014ರ ನಂತರದ ತೈಲ ಬೆಲೆಯ ಕುಸಿತ ಬಲವಾದ ಪೆಟ್ಟು ನೀಡಿತ್ತು. ನಗರ ಕೇಂದ್ರದ ಕಚೇರಿ ಸ್ಥಳಾವಕಾಶದಲ್ಲಿ ಸುಮಾರು ನಾಲ್ಕನೆಯ ಒಂದು ಭಾಗ ಖಾಲಿ ಬಿದ್ದಿತ್ತು. ಗಗನಚುಂಬಿ ಕಟ್ಟಡಗಳ ಮೌಲ್ಯ ಇಳಿದಂತೆ ಅವು ಭರಿಸುತ್ತಿದ್ದ ಆಸ್ತಿ ತೆರಿಗೆಯ ಪಾಲೂ ಇಳಿಯಿತು. ಆ ಕೊರತೆಯ ಹೊರೆ ನಗರ ಕೇಂದ್ರದ ಹೊರಗಿನ ಅಂಗಡಿ, ಹೋಟೆಲು, ಗೋದಾಮು ಮತ್ತು ಕಾರ್ಯಾಗಾರಗಳ ಮೇಲೆ ಬಂದು ಕುಳಿತಿತು. ವ್ಯಾಪಾರ ಕುಗ್ಗಿದ ಕಾಲದಲ್ಲಿಯೇ ತೆರಿಗೆ ಏರಿದ್ದನ್ನು ಸಣ್ಣ ವರ್ತಕರು ಅನುಭವಿಸುತ್ತಿದ್ದರು. ಮತದಾನ ನಡೆದದ್ದು ಇಂತಹ ಹಿನ್ನೆಲೆಯಲ್ಲಿ.

ಕೊನೆಯ ಗಳಿಗೆಯ ಲೆಕ್ಕ

ಕೂಟದ ಒಟ್ಟು ವೆಚ್ಚ ಸುಮಾರು 510 ಕೋಟಿ ಕೆನಡಾ ಡಾಲರ್ ಎಂದು ಅಂದಾಜಿಸಲಾಗಿತ್ತು. ಟಿಕೆಟ್ ಮಾರಾಟ, ಪ್ರಾಯೋಜಕತ್ವ ಮತ್ತು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಕೊಡುಗೆ ಕಳೆದು ಉಳಿದದ್ದನ್ನು ಮೂರು ಸ್ತರದ ಸರ್ಕಾರಗಳು ಹಂಚಿಕೊಳ್ಳಬೇಕಾಗಿತ್ತು. ಯಾರ ಪಾಲು ಎಷ್ಟು ಎಂಬ ಪ್ರಶ್ನೆಯೇ ಬಹುಕಾಲ ಇತ್ಯರ್ಥವಾಗಲಿಲ್ಲ. ಪ್ರಾಂತ್ಯವು 70 ಕೋಟಿ ಡಾಲರ್ ಕೊಡಲು ಒಪ್ಪಿತಾದರೂ ವೆಚ್ಚ ಮಿತಿಮೀರಿದರೆ ತಾನು ಹೊಣೆಯಲ್ಲವೆಂದು ಸ್ಪಷ್ಟಪಡಿಸಿತು. ಕೇಂದ್ರ ಸರ್ಕಾರವು ಇತರರು ಹಾಕುವಷ್ಟನ್ನೇ ತಾನೂ ಹಾಕುವುದಾಗಿ ತಿಳಿಸಿತು.

ಅಕ್ಟೋಬರ್ 30ರ ರಾತ್ರಿ ಹೊಸ ಒಪ್ಪಂದವೊಂದು ರೂಪುಗೊಂಡಿತು. ಅದರಂತೆ ನಗರದ ಪಾಲು 39 ಕೋಟಿ ಡಾಲರ್. ಅದರಲ್ಲಿ 2 ಕೋಟಿ ಡಾಲರ್ ವಿಮೆಯ ಕಂತಾಗಿದ್ದು, ವೆಚ್ಚ ಮೀರಿದಲ್ಲಿ 20 ಕೋಟಿ ಡಾಲರ್‌ವರೆಗೆ ರಕ್ಷಣೆ ಒದಗಿಸುವುದು ಅದರ ಉದ್ದೇಶವಾಗಿತ್ತು. ಮರುದಿನ ನಗರ ಪಾಲಿಕೆಯಲ್ಲಿ ಯೋಜನೆಯನ್ನೇ ಕೈಬಿಡುವ ಪ್ರಸ್ತಾವ ಬಂದಾಗ ಪರವಾಗಿ 8, ವಿರುದ್ಧವಾಗಿ 7 ಮತಗಳು ಬಿದ್ದವು. ಅಂಗೀಕಾರಕ್ಕೆ 10 ಮತಗಳು ಅಗತ್ಯವಿದ್ದುದರಿಂದ ಪ್ರಸ್ತಾವ ಬಿದ್ದುಹೋಯಿತು. ಅಂದರೆ ಬಹುಮತದ ಸದಸ್ಯರಿಗೇ ವಿಶ್ವಾಸವಿಲ್ಲದ ಯೋಜನೆಯೊಂದು ಜನರ ಮುಂದೆ ಹೋಯಿತು. ಮುಂಗಡ ಮತದಾನಕ್ಕೆ ಆಗ ಉಳಿದಿದ್ದುದು ಒಂದು ವಾರ ಮಾತ್ರ.

ನವೆಂಬರ್ 13ರಂದು ಮೂರು ಲಕ್ಷಕ್ಕೂ ಅಧಿಕ ನಾಗರಿಕರು ಮತ ಚಲಾಯಿಸಿದರು. ಶೇ. 56.4ರಷ್ಟು ಮಂದಿ ‘ಬೇಡ’ ಎಂದರು. ಆರು ದಿನಗಳ ಬಳಿಕ ಪಾಲಿಕೆಯು ಪ್ರಯತ್ನವನ್ನು ಅಧಿಕೃತವಾಗಿ ಕೈಬಿಟ್ಟಿತು. 2026ರ ಕೂಟ ಇಟಲಿಯ ಮಿಲಾನ್ ಮತ್ತು ಕೊರ್ಟಿನಾ ನಗರಗಳ ಪಾಲಾಯಿತು.

ಎರಡೂ ಕಡೆ ನ್ಯಾಯವಿತ್ತು

ಪರವಾಗಿದ್ದವರ ವಾದವನ್ನು ಹಗುರವಾಗಿ ಕಾಣುವಂತಿಲ್ಲ. ಮೇಯರ್ ನಹೀದ್ ನೆನ್ಶಿ ಅವರೂ ಹೋಟೆಲು ಹಾಗೂ ಪ್ರವಾಸೋದ್ಯಮದವರೂ ಕೂಟವನ್ನು ಬೆಂಬಲಿಸಿದ್ದರು. ನಗರ ಹಾಕುವ ಒಂದು ಡಾಲರಿಗೆ ಹೊರಗಿನಿಂದ ಹಲವು ಡಾಲರ್ ಹರಿದುಬರುತ್ತದೆ, ಹಳೆಯ ಕ್ರೀಡಾಂಗಣಗಳು ದುರಸ್ತಿಯಾಗುತ್ತವೆ, ಕೈಗೆಟಕುವ ವಸತಿ ದೊರೆಯುತ್ತದೆ, ನಿರುದ್ಯೋಗದ ಕಾಲದಲ್ಲಿ ಕೆಲಸ ಸಿಗುತ್ತದೆ ಎಂಬುದು ಅವರ ನಿಲುವು. ‘ಬೇಡ’ ಎಂಬ ತೀರ್ಪಿಗೂ ಬೆಲೆ ತೆರಬೇಕಾಯಿತು. 1988ರ ಬಾಬ್‌ಸ್ಲೆಡ್ ಹಾದಿಯನ್ನು ನವೀಕರಿಸಲು ಸಾಕಷ್ಟು ಹಣ ದೊರೆಯದೆ 2019ರಲ್ಲಿ ಅದನ್ನು ಮುಚ್ಚಲಾಯಿತು.

ವಿರೋಧಿಗಳ ಕಳವಳವೂ ಆಧಾರರಹಿತವಾಗಿರಲಿಲ್ಲ. 1960ರಿಂದ 2016ರವರೆಗಿನ ಒಲಿಂಪಿಕ್ಸ್‌ಗಳನ್ನು ಪರಿಶೀಲಿಸಿದ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಅಧ್ಯಯನದ ಪ್ರಕಾರ, ಹಣದುಬ್ಬರವನ್ನು ಕಳೆದ ನಂತರವೂ ವೆಚ್ಚವು ಮೂಲ ಅಂದಾಜಿಗಿಂತ ಸರಾಸರಿ ಶೇ. 156ರಷ್ಟು ಹೆಚ್ಚಾಗಿತ್ತು. ಕೆನಡಾದವರಿಗಂತೂ ಮಾಂಟ್ರಿಯಲ್ ನಗರದ ನಿದರ್ಶನ ಕಣ್ಣ ಮುಂದೆಯೇ ಇತ್ತು. 1976ರ ಕೂಟದ ಸಾಲ ಅಲ್ಲಿ ತೀರಿದ್ದು ಮೂವತ್ತು ವರ್ಷಗಳ ನಂತರ, 2006ರಲ್ಲಿ.

ಹೋಟೆಲು ಮಾಲೀಕರಿಗೆ ಲಾಭ ಕಣ್ಣಿಗೆ ಕಾಣುವಂತಿತ್ತು. ಊರ ಹೊರವಲಯದ ಕಾರ್ಯಾಗಾರದವನಿಗೆ ಕಾಣುತ್ತಿದ್ದುದು ತೆರಿಗೆಯ ನೋಟೀಸು ಮಾತ್ರ. ಮತ ಎಣಿಕೆಯಾಗಿ ಏಳು ತಿಂಗಳಿಗೆ, 2019ರ ಜೂನ್‌ನಲ್ಲಿ, ಆಸ್ತಿ ತೆರಿಗೆಯ ಏರಿಕೆಯನ್ನು ಪ್ರತಿಭಟಿಸಿ ಸಣ್ಣ ವ್ಯಾಪಾರಿಗಳು ಕ್ಯಾಲ್ಗರಿಯ ಪುರಭವನದ ಮುಂದೆ ಸೇರಿದರು. ವಾಣಿಜ್ಯ ವಲಯದ ಅಭಿಪ್ರಾಯವೆಂದು ಒಂದೇ ಮಾತಿನಲ್ಲಿ ಹೇಳಿಬಿಡುವುದು ಎಷ್ಟು ಕಷ್ಟವೆಂಬುದು ಇದರಿಂದ ವಿದಿತವಾಗುತ್ತದೆ.

ಹ್ಯಾಂಬರ್ಗ್ ಮತ್ತು ಮ್ಯೂನಿಕ್

ಜರ್ಮನಿಯ ಹ್ಯಾಂಬರ್ಗ್ ಬಂದರು ನಗರ. ಶತಮಾನಗಳಿಂದ ವರ್ತಕರ ಊರೆಂದೇ ಹೆಸರಾದುದು. 2024ರ ಒಲಿಂಪಿಕ್ಸ್‌ಗಾಗಿ ಅಲ್ಲಿ ನಡೆದ ಪ್ರಯತ್ನಕ್ಕೆ ಸ್ಥಳೀಯ ವಾಣಿಜ್ಯ ಮಂಡಳಿಯ ಬಲವಾದ ಬೆಂಬಲವಿತ್ತು. ವೆಚ್ಚ ಸುಮಾರು 1,120 ಕೋಟಿ ಯೂರೋ ಎಂದು ಲೆಕ್ಕ ಹಾಕಿದ ನಗರಾಡಳಿತವು ತನ್ನ ಪಾಲಿಗೆ 120 ಕೋಟಿ ಯೂರೋಗಳ ಮಿತಿ ಹಾಕಿಕೊಂಡಿತು. ಆದರೆ ಉಳಿದ ಹಣದ ದೊಡ್ಡ ಭಾಗ ಭರಿಸಬೇಕಿದ್ದ ಕೇಂದ್ರ ಸರ್ಕಾರದಿಂದ ಮತದಾನದ ದಿನದವರೆಗೂ ಖಚಿತ ಒಪ್ಪಿಗೆ ಬಂದಿರಲಿಲ್ಲ. 2015ರ ನವೆಂಬರ್ 29ರಂದು ಶೇ. 51.6ರಷ್ಟು ಮತದಾರರು ಯೋಜನೆಯನ್ನು ತಿರಸ್ಕರಿಸಿದರು.

ಜನರು ಸದಾ ‘ಬೇಡ’ ಎನ್ನುತ್ತಾರೆಂದು ಇದರಿಂದ ತೀರ್ಮಾನಿಸಲಾಗದು. ಮ್ಯೂನಿಕ್ ನಗರದ ಜನತೆ 2013ರಲ್ಲಿ ಚಳಿಗಾಲದ ಕೂಟವನ್ನು ನಿರಾಕರಿಸಿತ್ತು. ಅದೇ ಜನತೆ 2025ರ ಅಕ್ಟೋಬರ್ 26ರಂದು ಬೇಸಿಗೆಯ ಒಲಿಂಪಿಕ್ಸ್‌ಗೆ ಶೇ. 66.4ರಷ್ಟು ಮತಗಳಿಂದ ಸಮ್ಮತಿ ನೀಡಿತು. ಅಂತಿಮ ವೆಚ್ಚದ ಲೆಕ್ಕ ಅಲ್ಲಿಯೂ ಸಿದ್ಧವಿರಲಿಲ್ಲ. ಆದರೆ 1972ರ ಒಲಿಂಪಿಕ್ ಉದ್ಯಾನ ಇಂದಿಗೂ ಬಳಕೆಯಲ್ಲಿದೆ. ಬಹುಪಾಲು ಸ್ಪರ್ಧೆಗಳಿಗೆ ಇರುವ ಕ್ರೀಡಾಂಗಣಗಳೂ ತಾತ್ಕಾಲಿಕ ವ್ಯವಸ್ಥೆಗಳೂ ಸಾಕೆಂದು ಆಡಳಿತ ಭರವಸೆ ನೀಡಿತ್ತು. ಜನರು ತಾವು ದಿನವೂ ಕಾಣುವ ಆಸ್ತಿಯನ್ನು ನಂಬಿದರು.

ದೆಹಲಿಯ ಅನುಭವ

ಭಾರತದಲ್ಲಿ ಇಂತಹ ಜನಮತಗಣನೆಯ ಪದ್ಧತಿಯಿಲ್ಲ. ಇಲ್ಲಿ ಜನಾಭಿಪ್ರಾಯ ವ್ಯಕ್ತವಾಗುವುದು ಬಹುತೇಕ ಕೂಟ ಮುಗಿದ ಮೇಲೆ. 2010ರ ದೆಹಲಿ ಕಾಮನ್‌ವೆಲ್ತ್ ಕೂಟಕ್ಕೆ 2003ರಲ್ಲಿ ಸಲ್ಲಿಸಿದ ಅಂದಾಜು ಸುಮಾರು 1,200 ಕೋಟಿ ರೂಪಾಯಿ. ಮಹಾಲೇಖಪಾಲರು 2011ರ ವರದಿಯಲ್ಲಿ ನಮೂದಿಸಿದ ಒಟ್ಟು ಮೊತ್ತ, ನಗರದ ಮೂಲಸೌಕರ್ಯಗಳೂ ಸೇರಿದಂತೆ, 18,532 ಕೋಟಿ ರೂಪಾಯಿ. ಕೂಟದ ಬಳಿಕ ತನಿಖೆ, ತಕರಾರು ಮತ್ತು ಮಧ್ಯಸ್ಥಿಕೆಗಳು ಆರಂಭವಾಗಿ ಹಲವು ಪೂರೈಕೆದಾರರ ಬಿಲ್ಲುಗಳು ದೀರ್ಘಕಾಲ ಬಾಕಿ ಉಳಿದವು. ದೊಡ್ಡ ಸಂಸ್ಥೆಗಳು ಅಂತಹ ವಿಳಂಬವನ್ನು ತಡೆದುಕೊಂಡಾವು; ಬ್ಯಾಂಕಿನ ಸಾಲದ ಮೇಲೆ ಸರಕು ತಯಾರಿಸಿ ಕೊಟ್ಟ ಸಣ್ಣ ಘಟಕಕ್ಕೆ ಅದು ಅಳಿವು ಉಳಿವಿನ ಪ್ರಶ್ನೆ.

ತಡವಾಗಿ ಮನಸ್ಸು ಬದಲಿಸಿದರೆ ನಷ್ಟ ಇನ್ನೂ ಹೆಚ್ಚು. 2026ರ ಕಾಮನ್‌ವೆಲ್ತ್ ಕೂಟವನ್ನು ಒಪ್ಪಿಕೊಂಡಿದ್ದ ಆಸ್ಟ್ರೇಲಿಯದ ವಿಕ್ಟೋರಿಯಾ ರಾಜ್ಯವು ವೆಚ್ಚದ ಏರಿಕೆಗೆ ಹೆದರಿ 2023ರ ಜುಲೈನಲ್ಲಿ ಹಿಂದೆ ಸರಿಯಿತು. ನಡೆಯದ ಆ ಕೂಟಕ್ಕೆ ಸುಮಾರು 58.9 ಕೋಟಿ ಆಸ್ಟ್ರೇಲಿಯನ್ ಡಾಲರ್ ತಗುಲಿತೆಂದು ಅಲ್ಲಿನ ಲೆಕ್ಕ ಪರಿಶೋಧಕರು ಕಂಡುಕೊಂಡರು.

ಉದ್ಯಮಿಗಳು ಕೇಳಬೇಕಾದುದು

ಈ ಎಲ್ಲ ಪ್ರಸಂಗಗಳಿಂದ ಒಂದು ಸಂಗತಿ ವ್ಯಕ್ತವಾಗುತ್ತದೆ. ಜನರ ಒಪ್ಪಿಗೆಯೆಂಬುದು ಸಾಲಪತ್ರಕ್ಕೆ ಜಾಮೀನುದಾರ ಹಾಕುವ ರುಜುವಿಗೆ ಸಮಾನ. ಮೊತ್ತವೆಷ್ಟು, ಮೀರಿದರೆ ಯಾರು ಹೊಣೆ ಎಂಬುದು ಸ್ಪಷ್ಟವಾಗದಿದ್ದರೆ ವಿವೇಕಿಯಾದವನು ಎಷ್ಟೇ ಆತ್ಮೀಯರಿಗಾದರೂ ರುಜು ಹಾಕಲು ಹಿಂಜರಿಯುತ್ತಾನೆ. ಕ್ಯಾಲ್ಗರಿ ಮತ್ತು ಹ್ಯಾಂಬರ್ಗ್‌ಗಳಲ್ಲಿ ಉತ್ತರ ದೊರೆಯದೆ ಉಳಿದುದು ಈ ಪ್ರಶ್ನೆಯೇ.

ರುಜು ಹಾಕುವ ಅವಕಾಶವೇ ಇಲ್ಲದೆಡೆ ವಾಣಿಜ್ಯ ಸಂಘಟನೆಗಳ ಹೊಣೆ ಇನ್ನೂ ಹೆಚ್ಚುತ್ತದೆ. ಕೂಟಕ್ಕಾಗಿಯೇ ಆಗುವ ವೆಚ್ಚ ಮತ್ತು ಹೇಗಿದ್ದರೂ ಆಗಬೇಕಾದ ನಗರ ಕಾಮಗಾರಿಯ ವೆಚ್ಚ ಇವೆರಡನ್ನೂ ಬೇರೆ ಬೇರೆಯಾಗಿ ಪ್ರಕಟಿಸುವಂತೆ ಅವು ಒತ್ತಾಯಿಸಬೇಕು. ಕಾಮಗಾರಿಯ ಅವಧಿಯಲ್ಲಿ ರಸ್ತೆ ಮುಚ್ಚಿ ವ್ಯಾಪಾರ ಕೆಟ್ಟರೆ ಪರಿಹಾರವೇನೆಂದು ಮೊದಲೇ ಕೇಳಬೇಕು.

ಪೂರೈಕೆದಾರರಾಗಬಯಸುವವರು ತಮ್ಮ ಕರಾರನ್ನು ಸೂಕ್ಷ್ಮವಾಗಿ ಓದಬೇಕು. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯಿದೆಯಂತೆ, ಸೂಕ್ಷ್ಮ ಮತ್ತು ಸಣ್ಣ ಘಟಕಗಳಿಗೆ ಹಣ ಪಾವತಿಸುವ ಕರಾರಿನ ಅವಧಿ 45 ದಿನಗಳನ್ನು ಮೀರುವಂತಿಲ್ಲ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸಲ್ಲಬೇಕು. ಈ ಹಕ್ಕನ್ನು ಪಡೆಯಲು ಪೂರೈಕೆಗೆ ಮುನ್ನವೇ ಉದ್ಯಮ್ ನೋಂದಣಿ ಮಾಡಿಸಿಕೊಂಡಿರುವುದು ಕ್ಷೇಮ. ಕೇಂದ್ರದ ಇಲಾಖೆಗಳು ಹಾಗೂ ಸಾರ್ವಜನಿಕ ಉದ್ದಿಮೆಗಳು ತಮ್ಮ ಖರೀದಿಯ ಶೇ. 25ರಷ್ಟನ್ನು ಸೂಕ್ಷ್ಮ ಮತ್ತು ಸಣ್ಣ ಘಟಕಗಳಿಂದ ಮಾಡಬೇಕೆಂಬ ನೀತಿಯಿದೆ. ಅದು ಕೂಟದ ಸಂಘಟನಾ ಸಮಿತಿಗೂ ಅನ್ವಯಿಸುತ್ತದೆಯೇ ಎಂಬುದನ್ನು ಟೆಂಡರು ಪ್ರಕಟವಾಗುವ ಮುನ್ನವೇ ಲಿಖಿತವಾಗಿ ಕೇಳಿ ತಿಳಿಯುವುದು ಲೇಸು. ಕೂಟ ಮುಗಿದ ಮರುದಿನ ಸಮಿತಿಯೇ ವಿಸರ್ಜನೆಯಾಗಬಹುದು. ಆಗ ಬಾಕಿ ಹಣಕ್ಕೆ ಉತ್ತರದಾಯಿ ಯಾರೆಂಬುದು ಕರಾರಿನಲ್ಲೇ ನಮೂದಾಗಿರಬೇಕು.

ಕ್ಯಾಲ್ಗರಿಯ ಮತದಾರರ ಕೈಗೆ ಲೆಕ್ಕ ಬಂದದ್ದು ಮುಂಗಡ ಮತದಾನಕ್ಕೆ ಒಂದು ವಾರವಿರುವಾಗ. ದೆಹಲಿಯ ನಾಗರಿಕರಿಗೆ ಅದು ದೊರೆತದ್ದು ಕೂಟ ಮುಗಿದ ಮರುವರ್ಷ. ಮುಂದಿನ ಆತಿಥೇಯ ನಗರದ ವರ್ತಕರು ಮತ್ತು ಕೈಗಾರಿಕೋದ್ಯಮಿಗಳು ಅದನ್ನು ಮೊದಲ ಟೆಂಡರಿಗೂ ಮುನ್ನ ಕೇಳಿ ಪಡೆದರೆ, ಕೂಟದ ಯಶಸ್ಸಿಗೂ ತಮ್ಮ ವ್ಯವಹಾರದ ಭದ್ರತೆಗೂ ಅದು ಸಹಕಾರಿಯಾದೀತು.